ವಸಡು ಬಾವಿನ ಮನೆಮದ್ದು: ಹೆಸರು, ಅಳತೆ, ವಿವೇಕ

ಜನಪದ ವೈದ್ಯವನ್ನು ಕುರಿತ ಸಂಗ್ರಹಗಳಲ್ಲಿ ಮನೆಮದ್ದು ಅನೇಕ ವೇಳೆ ಒಂದೇ ವಾಕ್ಯದ ನಮೂದಾಗಿ ಉಳಿಯುತ್ತದೆ. ವಸಡು ಬಾತರೆ ಜಾಲಿ ತೊಗಟೆಯ ಕಷಾಯದಿಂದ ಬಾಯಿ ಮುಕ್ಕಳಿಸಬೇಕು ಎಂಬಂತಹ ಹೇಳಿಕೆಯನ್ನು ಉದಾಹರಣೆಗೆ ನೋಡಬಹುದು. ಯಾವ ಜಾಲಿ, ಎಷ್ಟು ತೊಗಟೆ, ಎಂತಹ ಬಾವು ಎಂಬ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿಲ್ಲ. ಮೌಖಿಕ ಜ್ಞಾನವು ಬರಹಕ್ಕಿಳಿಯುವಾಗ ಕಳೆದುಕೊಳ್ಳುವುದೇನು ಎಂಬುದನ್ನು ಈ ಒಂದು ಉಪಚಾರದ ಮೂಲಕ ಪರಿಶೀಲಿಸುವುದು ಪ್ರಸ್ತುತ ಟಿಪ್ಪಣಿಯ ಉದ್ದೇಶ.

ಮೊದಲನೆಯದು ಹೆಸರಿನ ಸಮಸ್ಯೆ. ಗೊಬ್ಬಳಿ ಎಂದೂ ಕರೆಯಲಾಗುವ ಕರಿಜಾಲಿಯ ತೊಗಟೆಯಲ್ಲಿ ಟ್ಯಾನಿನ್ ಅಂಶವಿದೆ. ಅದರ ಒಗರು ಗುಣವೇ ಈ ಬಳಕೆಗೆ ಆಧಾರ. ಆದರೆ ಬಯಲುಸೀಮೆಯಲ್ಲಿ ಇಂದು ವ್ಯಾಪಕವಾಗಿ ಹಬ್ಬಿರುವ ಬಳ್ಳಾರಿ ಜಾಲಿಯು ಅಮೆರಿಕ ಖಂಡದಿಂದ ಬಂದ ಬೇರೆಯೇ ಸಸ್ಯ. ಬರಿಯ ‘ಜಾಲಿ’ ಎಂಬ ನಮೂದು ಓದುಗನನ್ನು ತಪ್ಪು ಮರದ ಬಳಿಗೆ ಕೊಂಡೊಯ್ಯಬಹುದು. ಇದಕ್ಕೆ ವಿರುದ್ಧವಾಗಿ ಸೀಬೆ, ಪೇರಲೆ, ಚೇಪೆ ಎಂಬ ಮೂರು ಹೆಸರುಗಳು ಒಂದೇ ಮರವನ್ನು ಸೂಚಿಸುತ್ತವೆ. ಅದರ ಎಲೆಯ ಕಷಾಯಗಳನ್ನು ಮೂರು ಮದ್ದುಗಳೆಂದು ಎಣಿಸುವ ಅಪಾಯವಿದೆ.

ಎರಡನೆಯದು ಕ್ರಿಯೆ ಮತ್ತು ಅಳತೆ. ಸುಶ್ರುತಸಂಹಿತೆಯು ದಂತಮೂಲದ ರೋಗಗಳನ್ನು 15 ಬಗೆಯಾಗಿ ವಿಂಗಡಿಸುತ್ತದೆ. ಬಾಯಿಯಲ್ಲಿ ಅಲುಗಿಸಲಾಗದಷ್ಟು ದ್ರವ ತುಂಬಿಕೊಳ್ಳುವುದು ಗಂಡೂಷ, ಸುಲಭವಾಗಿ ಆಡಿಸಬಹುದಾದಷ್ಟು ತೆಗೆದುಕೊಳ್ಳುವುದು ಕವಲ ಎಂಬ ಭೇದವನ್ನೂ ಅದು ಮಾಡುತ್ತದೆ. ನಮ್ಮ ‘ಮುಕ್ಕಳಿಸು’ ಎಂಬ ಕ್ರಿಯಾಪದವೊಂದೇ ಈ ಭೇದವನ್ನು ಹಿಡಿದಿಡಲಾರದು. ಲವಂಗವನ್ನು ಅಗಿಯುವುದೂ ಅದರ ಎಣ್ಣೆಯನ್ನು ಹಚ್ಚುವುದೂ ಒಂದೇ ಅಲ್ಲ. ಎಣ್ಣೆಯಲ್ಲಿರುವ ಯೂಜೆನಾಲ್ ನೋವನ್ನು ಮಂದಗೊಳಿಸುತ್ತದಾದರೂ, ತೆಳುವಾಗಿಸದೆ ಹಚ್ಚಿದರೆ ವಸಡು ಸುಡುತ್ತದೆ. ಒಂದು ಲೋಟ ಉಗುರುಬೆಚ್ಚನೆಯ ನೀರಿಗೆ ಅರ್ಧ ಚಮಚ ಉಪ್ಪು ಎಂಬ ಸ್ಪಷ್ಟತೆ ಎಲ್ಲ ನಮೂದುಗಳಲ್ಲಿಯೂ ಇರಬೇಕಾದುದು.

ಮೂರನೆಯದು ಮದ್ದಿನ ಮಿತಿ. ಬಾವು ಸ್ವತಃ ರೋಗವಲ್ಲ, ಲಕ್ಷಣ. ಹಲ್ಲಿನ ಬುಡದಲ್ಲಿ ಕಟ್ಟುವ ಪಾಚಿ ಅದರ ಸಾಮಾನ್ಯ ಕಾರಣ. ಅದು ಗಟ್ಟಿಯಾದ ಮೇಲೆ ಯಾವ ಕಷಾಯಕ್ಕೂ ಕರಗದು. ಗರ್ಭಾವಸ್ಥೆ, ಸಿ ಜೀವಸತ್ವದ ಕೊರತೆ, ಮಧುಮೇಹ, ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್ ಔಷಧ, ಅಪರೂಪಕ್ಕೆ ರಕ್ತದ ಕ್ಯಾನ್ಸರ್ ಕೂಡ ವಸಡನ್ನು ಬಾಯಿಸಬಲ್ಲವು. ಕೀವು, ಜ್ವರ, ಕೆನ್ನೆಯ ಊತ ಕಂಡಾಗ ದಂತವೈದ್ಯರಲ್ಲಿಗೆ ಹೋಗುವುದೇ ಸರಿ. ಹಲ್ಲುನೋವಿಗೆ ಹೊಗೆಸೊಪ್ಪು ಒತ್ತಿಕೊಳ್ಳುವ ರೂಢಿಯೂ ಪರಂಪರೆಯ ಹೆಸರಿನಲ್ಲಿಯೇ ಉಳಿದಿದೆ. ಅದು ಬಾಯಿಯ ಕ್ಯಾನ್ಸರಿಗೆ ದಾರಿ.

ಆದುದರಿಂದ ಕ್ಷೇತ್ರಕಾರ್ಯದಲ್ಲಿ ತೊಡಗಿದವರು ಸಸ್ಯದ ಸ್ಥಳೀಯ ಮತ್ತು ಶಾಸ್ತ್ರೀಯ ಹೆಸರು, ಬಳಸುವ ಭಾಗ, ಅಳತೆ, ವಿಧಾನಗಳೊಂದಿಗೆ ‘ಯಾವಾಗ ಇದನ್ನು ಮಾಡುವುದಿಲ್ಲ?’ ಎಂಬ ಪ್ರಶ್ನೆಯನ್ನೂ ಕೇಳಬೇಕು. ಮದ್ದು ಬಲ್ಲ ಅಜ್ಜಿಯ ವಿವೇಕ ಬಹುಪಾಲು ಆ ಉತ್ತರದಲ್ಲಿಯೇ ಇರುತ್ತದೆ. ಅದನ್ನು ಬಿಟ್ಟು ಮದ್ದನ್ನಷ್ಟೇ ಅಚ್ಚುಮಾಡಿದ ಸಂಗ್ರಹವು ಪರಂಪರೆಗೂ ಓದುಗನಿಗೂ ನ್ಯಾಯ ಒದಗಿಸಲಾರದು.