ಕೈ ಮತ್ತು ಗೊಂಬೆ

ರಾಜಕೀಯ ವಿಡಂಬನೆ ಎಂದೊಡನೆ ನಮ್ಮ ನೆನಪಿಗೆ ಬರುವುದು ದಿನಪತ್ರಿಕೆಯ ವ್ಯಂಗ್ಯಚಿತ್ರ. ಅದೇ ಕೆಲಸವನ್ನು ಒಂದು ಮಾತನ್ನೂ ಆಡದೆ ಗೊಂಬೆಯ ಮೂಲಕ ಸಾಧಿಸಿದ ಕಿರುಚಿತ್ರವೊಂದಿದೆ. ಅದು ಚೆಕೊಸ್ಲೊವಾಕಿಯಾದ ಯಿರ್ಝಿ ತೃಂಕಾ 1965ರಲ್ಲಿ ತಯಾರಿಸಿದ ‘ಕೈ’. ಅವಧಿ 20 ನಿಮಿಷಕ್ಕೂ ಕಡಿಮೆ.

ಕತೆ ಸಣ್ಣದು. ಒಬ್ಬ ಕುಂಬಾರ ತನ್ನ ಹೂಗಿಡಕ್ಕೆ ಕುಂಡ ಮಾಡಿಕೊಂಡು ಸುಖವಾಗಿದ್ದಾನೆ. ಕೈಗವಸು ತೊಟ್ಟ ಭಾರಿ ಕೈಯೊಂದು ಮನೆಗೆ ನುಗ್ಗಿ, ಕುಂಡ ಬೇಡ, ನನ್ನ ಪ್ರತಿಮೆ ಮಾಡು ಎಂದು ಸನ್ನೆಯಿಂದಲೇ ಆಜ್ಞಾಪಿಸುತ್ತದೆ. ಇವನು ಒಪ್ಪುವುದಿಲ್ಲ. ಕೈ ಟೆಲಿವಿಷನ್ ತಂದಿಟ್ಟು ಲೋಕದ ಘನವಾದ ಕೈಗಳನ್ನೆಲ್ಲ ತೋರಿಸುತ್ತದೆ. ಹೆಣ್ಣಿನ ಗವಸು ತೊಟ್ಟು ಒಲಿಸುತ್ತದೆ. ಕಡೆಗೆ ಪಂಜರದಲ್ಲಿಟ್ಟು, ಕೈಕಾಲಿಗೆ ದಾರ ಬಿಗಿದು, ತನ್ನ ವಿಗ್ರಹವನ್ನು ಕೆತ್ತಿಸಿಕೊಳ್ಳುತ್ತದೆ. ಹೇಗೋ ತಪ್ಪಿಸಿಕೊಂಡು ಬಂದ ಕುಂಬಾರ ಮನೆಯ ಕದಗಳನ್ನೆಲ್ಲ ಭದ್ರಪಡಿಸುವ ಗಡಿಬಿಡಿಯಲ್ಲಿರುವಾಗ, ಬೀರುವಿನ ಮೇಲಿದ್ದ ಹೂಕುಂಡವೇ ತಲೆಯ ಮೇಲೆ ಬಿದ್ದು ಸಾಯುತ್ತಾನೆ.

ಇಲ್ಲಿ ಗಮನಿಸತಕ್ಕ ಮೊದಲ ಅಂಶ, ಕುಂಬಾರ ಗೊಂಬೆ, ಕೈ ಮಾತ್ರ ನಿಜವಾದ ಮನುಷ್ಯನದು. ನಮ್ಮ ಸೂತ್ರದ ಗೊಂಬೆಯಾಟದಲ್ಲಿ ಆಡಿಸುವ ಕೈ ಪರದೆಯ ಹಿಂದೆಯೇ ಉಳಿಯುತ್ತದೆ. ತೃಂಕಾ ಅದನ್ನೇ ರಂಗಕ್ಕೆ ತಂದು ನಿಲ್ಲಿಸಿದ್ದಾನೆ. ಗೊಂಬೆಯ ಮುಖವೋ, ಬಣ್ಣ ಬರೆದ ಮುಖ. ತುಟಿ ಅಲುಗುವುದಿಲ್ಲ, ಹುಬ್ಬು ಏರುವುದಿಲ್ಲ. ಬೆಳಕು ಬೀಳುವ ರೀತಿ, ಕ್ಯಾಮೆರಾ ನೋಡುವ ಕೋನ ಬದಲಾದಂತೆ ಅದೇ ಮುಖದಲ್ಲಿ ಭಯವೂ ಹಟವೂ ನಮಗೆ ಕಾಣತೊಡಗುತ್ತವೆ.

ಸಾವು ಆಕಸ್ಮಿಕವಾದದ್ದು ಕತೆಯ ದೌರ್ಬಲ್ಯವೆಂದು ಯಾರಾದರೂ ಹೇಳಿಯಾರು. ನನಗೆ ಹಾಗೆ ತೋರದು. ಕೈ ಅವನನ್ನು ಕೊಲ್ಲಲಿಲ್ಲ. ಬೀರುವನ್ನೇ ಶವಪೆಟ್ಟಿಗೆ ಮಾಡಿ, ಪದಕ ತೊಡಿಸಿ, ವಂದನೆ ಸಲ್ಲಿಸಿತು. ಬದುಕಿದ್ದಾಗ ಬಗ್ಗದವನು ಸತ್ತಮೇಲೆ ಅದರ ಸ್ವತ್ತಾದ. ಸೆರೆಮನೆಗಿಂತ ಈ ಮರ್ಯಾದೆಯೇ ನನ್ನನ್ನು ಹೆಚ್ಚು ಅಂಜಿಸಿತು.

ಇದನ್ನು ಮಾಡಿದಾತ ಸರ್ಕಾರದ ಅವಕೃಪೆಗೆ ಪಾತ್ರನಾದವನಲ್ಲ ಎಂಬುದು ವಿಚಿತ್ರ. ಆತನ ಗೊಂಬೆಚಿತ್ರಗಳು ತಯಾರಾದದ್ದು ರಾಷ್ಟ್ರೀಕೃತ ಚಿತ್ರೋದ್ಯಮದಲ್ಲಿ. ಆತನಿಗೆ ‘ರಾಷ್ಟ್ರೀಯ ಕಲಾವಿದ’ ಎಂಬ ಬಿರುದೂ ಸಂದಿತ್ತು. ಪದಕದ ಭಾರವನ್ನು ಅವನು ಊಹಿಸಿಕೊಳ್ಳಬೇಕಾಗಿರಲಿಲ್ಲ. ಚಿತ್ರದಲ್ಲಿ ಯಾವ ದೇಶದ ಹೆಸರಾಗಲಿ, ಪಕ್ಷದ ಬಾವುಟವಾಗಲಿ ಇಲ್ಲ. 1965ರಲ್ಲಿ ಅದರ ಪ್ರದರ್ಶನಕ್ಕೆ ಅಡ್ಡಿ ಬರಲಿಲ್ಲ. 1968ರಲ್ಲಿ ಸೋವಿಯತ್ ಸೇನೆ ದೇಶವನ್ನು ಹೊಕ್ಕಿತು. 1969ರ ಡಿಸೆಂಬರಿನಲ್ಲಿ ತೃಂಕಾ ತೀರಿಕೊಂಡ. ಅದಾದ ಕೆಲವೇ ತಿಂಗಳಲ್ಲಿ ‘ಕೈ’ ನಿಷಿದ್ಧವಾಗಿ, ಸುಮಾರು 20 ವರ್ಷ ಅಲ್ಲಿನ ಜನರ ಕಣ್ಣಿಗೆ ಬೀಳಲಿಲ್ಲ.