ನೋವಿನ ಗುಳಿಗೆಯ ಲೆಕ್ಕ

ಕಣೇಕಲ್ಲಿನ ಕೆರೆಯ ಕೆಳಗೆ ಭತ್ತದ ನಾಟಿ ನಡೆಯುವ ದಿನಗಳಲ್ಲಿಯೂ ಮಳೆಯಾಶ್ರಯದ ಹೊಲಗಳಲ್ಲಿ ಶೇಂಗಾ ಕೀಳುವ ದಿನಗಳಲ್ಲಿಯೂ ಸೊಂಟನೋವು ಎನ್ನದ ಮನೆ ವಿರಳ. ರಾಯದುರ್ಗದಲ್ಲಿ ಹೊಲಿಗೆಯಂತ್ರದ ಮುಂದೆ ಹಗಲೆಲ್ಲ ಬಾಗಿ ಕುಳಿತು ಜೀನ್ಸ್ ಹೊಲಿಯುವವರ ಕತ್ತಿನ ಪಾಡೂ ಅದೇ. ವೈದ್ಯರು ಚೀಟಿ ಬರೆಯುತ್ತಾರೆ, ಗುಳಿಗೆ ನುಂಗಿದರೆ ನೋವು ಇಳಿಯುತ್ತದೆ. ಇದರಲ್ಲಿ ದೋಷವೇನೂ ಇಲ್ಲ. ಆ ಗುಳಿಗೆಯ ಜೊತೆಗೆ ನಾವೇ ತಂದುಕೊಂಡ ಮತ್ತೊಂದು ಸೇರಿದಾಗ ಅಪಾಯವು ಮೊದಲಾಗುತ್ತದೆ.

ನನ್ನ ಮನೆಯ ಸಂಗತಿಯನ್ನೇ ಹೇಳುತ್ತೇನೆ. ಹಲ್ಲುನೋವಿಗೆಂದು ವೈದ್ಯರು ದಿನಕ್ಕೆ ಎರಡು ಗುಳಿಗೆ ಬರೆದಿದ್ದರು. ನಡುವೆ ಜ್ವರ ಬಂದಿತು. ಮನೆಯಲ್ಲಿದ್ದ ಜ್ವರದ ಗುಳಿಗೆಯನ್ನು ದಿನಕ್ಕೆ ನಾಲ್ಕು, ನೆಗಡಿಯ ಗುಳಿಗೆಯನ್ನು ಮೂರು ತೆಗೆದುಕೊಳ್ಳೋಣವೆಂದುಕೊಂಡೆ. ಒಂಬತ್ತನೆಯ ತರಗತಿಯಲ್ಲಿದ್ದ ಮಗಳು ಹಾಳೆಗಳನ್ನು ತಿರುಗಿಸಿ ನೋಡಿ, "ಅಪ್ಪಾ, ಮೂರರಲ್ಲಿಯೂ ಪ್ಯಾರಸಿಟಮಾಲ್ ಇದೆಯಲ್ಲ!" ಎಂದಳು. ಬಿ.ಎ., ಬಿ.ಟಿ. ಓದಿದ ನಾನು ಅದನ್ನು ಗಮನಿಸಿರಲಿಲ್ಲ.

ಲೆಕ್ಕ ಹೀಗಿತ್ತು. ನೋವಿನ ಗುಳಿಗೆಯಲ್ಲಿ ಅಸಿಕ್ಲೊಫೆನಾಕ್ ೧೦೦ ಮಿಲಿಗ್ರಾಂ, ಪ್ಯಾರಸಿಟಮಾಲ್ ೩೨೫ ಮಿಲಿಗ್ರಾಂ. ಎರಡಕ್ಕೆ ಪ್ಯಾರಸಿಟಮಾಲ್ ೬೫೦. ಜ್ವರದ ಗುಳಿಗೆ ೬೫೦ರಂತೆ ನಾಲ್ಕಕ್ಕೆ ೨೬೦೦. ನೆಗಡಿಯದು ೫೦೦ರಂತೆ ಮೂರಕ್ಕೆ ೧೫೦೦. ಒಟ್ಟು ೪೭೫೦. ಆರೋಗ್ಯವಂತನಾದ ವಯಸ್ಕನಿಗೆ ಇಪ್ಪತ್ನಾಲ್ಕು ಗಂಟೆಗಳಲ್ಲಿ ೪೦೦೦ ಮಿಲಿಗ್ರಾಮೇ ಮೇರೆ. ಮೈ ಬಡಕಲಾದವರಿಗೆ, ಹೊಟ್ಟೆಗಿಲ್ಲದವರಿಗೆ, ಮದ್ಯಪಾನಿಗಳಿಗೆ ಆ ಮೇರೆ ಇನ್ನೂ ಕೆಳಗಿರುತ್ತದೆ.

ಈ ಪದಾರ್ಥದ ಬಹುಭಾಗವನ್ನು ಯಕೃತ್ತು ನಿರಪಾಯವಾಗಿ ಹೊರದೂಡುತ್ತದೆ. ಅಲ್ಪಭಾಗ ಮಾತ್ರ ವಿಷವಾಗಿ ಮಾರ್ಪಡುವುದು. ಅದನ್ನು ಶಮನಗೊಳಿಸಲು ಗ್ಲುಟಾಥಯೋನ್ ಎಂಬ ದ್ರವ್ಯವು ಯಕೃತ್ತಿನಲ್ಲಿ ಸಂಗ್ರಹವಾಗಿರುತ್ತದೆ. ಗುಳಿಗೆ ಅತಿಯಾದರೆ ಆ ಸಂಗ್ರಹ ಬರಿದಾಗಿ ವಿಷವು ಯಕೃತ್ತನ್ನೇ ಸುಡುತ್ತದೆ. ಮೊದಲ ದಿನ ಓಕರಿಕೆಯ ಹೊರತು ಹೆಚ್ಚೇನೂ ಕಾಣದೆ ಇರಬಹುದು. ಕಾಮಾಲೆಯ ಹಳದಿ ತರುವಾಯ ಬರುತ್ತದೆ.

ಈ ಕಾರಣದಿಂದಲೇ ೨೦೧೧ರಲ್ಲಿ ಭಾರತ ಸರ್ಕಾರವು, ಬೇರೆ ಮದ್ದಿನೊಡನೆ ಬೆರೆಸುವ ಗುಳಿಗೆಯೊಂದರಲ್ಲಿ ಪ್ಯಾರಸಿಟಮಾಲ್ ೩೨೫ ಮಿಲಿಗ್ರಾಮನ್ನು ಮೀರಬಾರದೆಂದು ಗೊತ್ತುಪಡಿಸಿತು. ಆ ವರ್ಷದ ಜನವರಿಯಲ್ಲಿ ಅಮೆರಿಕದಲ್ಲಿಯೂ ವೈದ್ಯರ ಚೀಟಿಯ ಮಿಶ್ರ ಗುಳಿಗೆಗಳಿಗೆ ಇದೇ ಮಿತಿ ಘೋಷಿತವಾಯಿತು. ೨೦೧೮ರಲ್ಲಿ ೩೨೮ ಬಗೆಯ ಮಿಶ್ರ ಔಷಧಗಳನ್ನೂ ೨೦೨೪ರಲ್ಲಿ ೧೫೬ ಬಗೆಯವನ್ನೂ ನಮ್ಮ ಸರ್ಕಾರ ನಿಷೇಧಿಸಿತು. ಆದರೆ ಎರಡು ಬೇರೆ ಗುಳಿಗೆಗಳನ್ನು ನಾವು ಒಟ್ಟಿಗೆ ನುಂಗುವುದನ್ನು ಯಾವ ಆಜ್ಞೆ ತಡೆದೀತು?

ಮಿಶ್ರ ಗುಳಿಗೆಯ ಇನ್ನೊಂದು ಪಾಲನ್ನೂ ಮರೆಯಬಾರದು. ಅಸಿಕ್ಲೊಫೆನಾಕ್, ಡೈಕ್ಲೊಫೆನಾಕ್, ಐಬುಪ್ರೊಫೆನ್ ಇವು ಒಂದೇ ಕುಲದವು. ಜಠರದಲ್ಲಿ ಹುಣ್ಣು ಮಾಡಿ ರಕ್ತ ಸುರಿಸಬಲ್ಲವು. ಬಿಸಿಲಿನಲ್ಲಿ ಬೆವರಿ, ನೀರು ಸಾಲದೆ ಒಣಗಿದ ದೇಹದಲ್ಲಿ ಮೂತ್ರಪಿಂಡಗಳಿಗೂ ಕೇಡು ತರುತ್ತವೆ. ನಮ್ಮ ಸೀಮೆಯ ಬೇಸಗೆಯಲ್ಲಿ ಇದು ಸಣ್ಣ ಮಾತಲ್ಲ. ಹೊಟ್ಟೆಹುಣ್ಣು, ಮೂತ್ರಪಿಂಡದ ರೋಗ, ಹೃದ್ರೋಗ ಇರುವವರೂ ಗರ್ಭಿಣಿಯರೂ ಚೀಟಿ ಬರೆಸುವಾಗಲೇ ವೈದ್ಯರಿಗೆ ತಿಳಿಸತಕ್ಕದ್ದು. ಟ್ರಮಡಾಲ್ ಬೆರೆತ ಗುಳಿಗೆ ತೂಕಡಿಕೆ ತರುತ್ತದೆ, ಚಟವಾಗುತ್ತದೆ. ಮದ್ಯ ಅಥವಾ ನಿದ್ರೆಯ ಮಾತ್ರೆಯೊಡನೆ ಸೇರಿದರೆ ಉಸಿರನ್ನೇ ಕುಗ್ಗಿಸುತ್ತದೆ.

ವಿದ್ಯಾರ್ಥಿಗಳೇ, ಇಲ್ಲಿ ನಿಮ್ಮ ಕೆಲಸವಿದೆ. ಅಂಗಡಿಯ ಮಾತು ತೆಲುಗು, ಮನೆಯ ಮಾತು ಕನ್ನಡ, ಗುಳಿಗೆಯ ಹಾಳೆಯ ಬರಹ ಇಂಗ್ಲಿಷು. ಅಜ್ಜಿಗೆ ಅದನ್ನು ಓದಿ ಹೇಳುವವರು ನೀವಲ್ಲದೆ ಯಾರು? ಕಂಪನಿಯ ದೊಡ್ಡ ಹೆಸರನ್ನು ಬಿಟ್ಟು, ಒಳಗಿರುವ ಮದ್ದುಗಳ ಹೆಸರನ್ನೂ ತೂಕವನ್ನೂ ನೋಡಿರಿ. ೨೦೧೮ರ ನಿಯಮವು ಮದ್ದಿನ ನಿಜನಾಮವನ್ನು ದೊಡ್ಡಕ್ಷರದಲ್ಲಿ ಮುದ್ರಿಸಬೇಕೆಂದರೂ ಮೂರು ಅಥವಾ ಅದಕ್ಕಿಂತ ಹೆಚ್ಚು ಮದ್ದುಗಳಿರುವ ಮಿಶ್ರ ಔಷಧಗಳಿಗೆ ವಿನಾಯಿತಿ ಕೊಟ್ಟಿದೆ. ಎಲ್ಲಿ ಬೇಕಿತ್ತೋ ಅಲ್ಲಿಯೇ ಇಲ್ಲವೆಂಬುದು ನನ್ನ ಅಭಿಪ್ರಾಯ. ಎಡಬದಿಯಲ್ಲಿ ಉದ್ದಕ್ಕೆ ಕೆಂಪು ಗೆರೆಯಿದ್ದರೆ ಅದು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದ ಮದ್ದು. ಹಾಳೆಯನ್ನು ಕತ್ತರಿಸಿ ಎರಡೇ ಗುಳಿಗೆ ಕೊಟ್ಟಾಗ ಹೆಸರೂ ಅವಧಿಯ ದಿನಾಂಕವೂ ಅಂಗಡಿಯಲ್ಲೇ ಉಳಿದುಬಿಡುತ್ತವೆ. ಆಗ ಕೇಳಿ ಬರೆಸಿಕೊಳ್ಳಿರಿ.

ತಂದೆತಾಯಿಗಳು ತಮ್ಮ ಗುಳಿಗೆಯನ್ನು ಮುರಿದು ಮಕ್ಕಳಿಗೆ ಅರ್ಧ ಕೊಡುವ ರೂಢಿಯನ್ನು ಬಿಡಬೇಕು. ಮಕ್ಕಳ ಪ್ರಮಾಣ ತೂಕದ ಮೇಲೆ ನಿಲ್ಲುತ್ತದೆ.

ಒಂದು ವೇಳೆ ಪ್ರಮಾಣ ಮೀರಿತೆಂದು ತಿಳಿದರೆ, ಮೈ ಹಗುರವಾಗಿದೆಯೆಂದು ಕಾಯದೆ, ನುಂಗಿದ ಎಲ್ಲ ಹಾಳೆಗಳನ್ನೂ ಹಿಡಿದು ಕೂಡಲೇ ಆಸ್ಪತ್ರೆಗೆ ಹೊರಡಿರಿ. ವಾಹನಕ್ಕೆ ೧೦೮ಕ್ಕೆ ಕರೆಮಾಡಿರಿ. ಅಸಿಟೈಲ್ ಸಿಸ್ಟೀನ್ ಎಂಬ ಪ್ರತಿವಿಷವುಂಟು. ಮಿತಿಮೀರಿ ನುಂಗಿದ ಎಂಟು ಗಂಟೆಗಳೊಳಗೆ ಅದು ದೊರೆತರೆ ಯಕೃತ್ತು ಬಹುಮಟ್ಟಿಗೆ ಉಳಿಯುತ್ತದೆ.