ಸ್ತ್ರೀಯರ ಬಲಸಾಧನೆ: ಕೆಲವು ತಪ್ಪು ತಿಳಿವಳಿಕೆಗಳು

ಬೆಂಗಳೂರಿನ ಉತ್ತರಕ್ಕೆ, ಹೆಸರಘಟ್ಟದ ಹಾದಿಗೆ ಸಮೀಪದಲ್ಲಿರುವ ಸೋಲದೇವನಹಳ್ಳಿಯು ಇಂದು ರೈಲು ನಿಲ್ದಾಣ, ಕಾಲೇಜು, ವಿದ್ಯಾರ್ಥಿನಿಲಯಗಳಿಂದ ಕೂಡಿದ ಊರಾಗಿದೆ. ಈ ಸೀಮೆಯ ಹಿಂದಿನ ತಲೆಮಾರಿನ ತಾಯಂದಿರ ದಿನಚರಿ ಬೇರೆಯಾಗಿತ್ತು. 1890ರ ದಶಕದಲ್ಲಿ ಹೆಸರಘಟ್ಟದ ಕೆರೆಯಿಂದ ಬೆಂಗಳೂರು ನಗರಕ್ಕೆ ಕೊಳಾಯಿಯ ನೀರು ಹರಿಯಿತಾದರೂ, ಹಳ್ಳಿಗಳ ಹೆಣ್ಣುಮಕ್ಕಳು ಬಹುಕಾಲ ಬಾವಿಯಿಂದ ನೀರು ಸೇದಿ ಹೊತ್ತರು. 15 ಲೀಟರು ಹಿಡಿಯುವ ಕೊಡದಲ್ಲಿ ನೀರಿನ ತೂಕವೇ 15 ಕಿಲೋಗ್ರಾಂ. ಅದನ್ನು ತಲೆಯ ಮೇಲೊಂದು, ಸೊಂಟದ ಮೇಲೊಂದು ಇಟ್ಟುಕೊಂಡು ನಡೆದಾಗ ಹೆಣ್ಣಿಗೆ ಇಷ್ಟು ಭಾರವೇಕೆಂದು ಕೇಳಿದವರು ವಿರಳ. ಅದೇ ಮನೆಯ ಮೊಮ್ಮಗಳು ಅಷ್ಟೇ ತೂಕದ ಕಬ್ಬಿಣವನ್ನು ವ್ಯಾಯಾಮಶಾಲೆಯಲ್ಲಿ ಎತ್ತಲು ಹೊರಟರೆ ಮಾತ್ರ ನೂರು ಶಂಕೆಗಳು ಏಳುತ್ತವೆ. ಆ ಶಂಕೆಗಳಲ್ಲಿ ಹುರುಳೆಷ್ಟು ಎಂಬುದನ್ನು ಪರಿಶೀಲಿಸುವುದು ಉಚಿತ.

ಬಲಸಾಧನೆಯ ತತ್ತ್ವವು ಸರಳವಾದುದು. ಸ್ನಾಯುಗಳಿಗೆ ರೂಢಿಗಿಂತ ತುಸು ಹೆಚ್ಚಿನ ಹೊರೆ ಕೊಡಬೇಕು; ಬಳಿಕ ವಿಶ್ರಾಂತಿ ಕೊಡಬೇಕು; ಅವು ಚೇತರಿಸಿಕೊಂಡು ಬಲಿತ ಮೇಲೆ ಹೊರೆಯನ್ನು ಕ್ರಮವಾಗಿ ಏರಿಸಬೇಕು. ನಾಡಿನ ಗರಡಿಮನೆಗಳ ದಂಡ, ಬಸ್ಕಿ, ಗದೆಗಳ ಹಿಂದೆ ಇದ್ದುದೂ ಇದೇ ಅರಿವು. ‘ಶಾಂತಲಾ’ ಕಾದಂಬರಿಯ ಕರ್ತೃ ಕೆ. ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿ, ಅಂಗಸಾಧನೆಯು ಸುಶಿಕ್ಷಿತರಿಗೂ ಭೂಷಣವೆಂದು ತೋರಿಸಿದರು. ಆದರೆ ಗರಡಿಯ ಬಾಗಿಲು ಸಾಮಾನ್ಯವಾಗಿ ಪುರುಷರಿಗೆ ಮಾತ್ರ ತೆರೆದಿತ್ತು. ತಪ್ಪು ತಿಳಿವಳಿಕೆಗಳು ಬೇರೂರಲು ಇದೂ ಒಂದು ಕಾರಣ.

ಮೊದಲನೆಯ ತಪ್ಪು ತಿಳಿವಳಿಕೆ, ಭಾರವೆತ್ತಿದ ಹೆಣ್ಣಿನ ಮೈಕಟ್ಟು ಗಂಡಿನಂತಾಗುತ್ತದೆ ಎಂಬುದು. ಸ್ನಾಯುಗಳು ದಪ್ಪವಾಗಿ ಬೆಳೆಯಲು ಮುಖ್ಯವಾಗಿ ನೆರವಾಗುವ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು ವಯಸ್ಕ ಪುರುಷರ ರಕ್ತದಲ್ಲಿ ಸ್ತ್ರೀಯರಲ್ಲಿರುವುದಕ್ಕಿಂತ ಸುಮಾರು 15 ಪಟ್ಟು ಹೆಚ್ಚಾಗಿರುತ್ತದೆ. ಆದುದರಿಂದ ವಾರಕ್ಕೆ ಎರಡು ಮೂರು ದಿನ ಸಾಧನೆ ಮಾಡುವ ಸ್ತ್ರೀಯ ಬಲವು ಗಮನಾರ್ಹವಾಗಿ ಹೆಚ್ಚಿದರೂ ಗಾತ್ರವು ಅಷ್ಟಾಗಿ ಹೆಚ್ಚುವುದಿಲ್ಲ. ಮಣಿಪುರದ ಮೀರಾಬಾಯಿ ಚಾನು ಬಾಲ್ಯದಲ್ಲಿ ಸೌದೆಯ ಹೊರೆ ಹೊತ್ತವರು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅವರು ಬೆಳ್ಳಿಯ ಪದಕ ಗಳಿಸಿದುದು 49 ಕಿಲೋಗ್ರಾಂ ದೇಹತೂಕದ ವಿಭಾಗದಲ್ಲಿ. ಅಲ್ಲಿ ಅವರು ಒಂದೇ ಬಾರಿಗೆ ಎತ್ತಿದ ಗರಿಷ್ಠ ಭಾರ 115 ಕಿಲೋಗ್ರಾಂ. ಬಲಕ್ಕೂ ಗಾತ್ರಕ್ಕೂ ಇರುವ ಅಂತರವನ್ನು ಅರಿಯಲು ಈ ನಿದರ್ಶನವೊಂದೇ ಸಾಕು.

ಎರಡನೆಯದು, ಭಾರವೆತ್ತುವುದರಿಂದ ಗರ್ಭಕೋಶಕ್ಕೆ ಹಾನಿಯಾಗಿ ತಾಯ್ತನಕ್ಕೆ ಕುಂದು ಬರುತ್ತದೆ ಎಂಬ ಭಯ. ಆರೋಗ್ಯವಂತ ಸ್ತ್ರೀಯರು ಕ್ರಮಬದ್ಧವಾಗಿ ಮಾಡುವ ಸಾಧನೆಯಿಂದ ಹೀಗಾಗುವುದೆಂಬುದಕ್ಕೆ ವೈದ್ಯವಿಜ್ಞಾನದಲ್ಲಿ ಆಧಾರವಿಲ್ಲ. ಮುಟ್ಟಿನ ದಿನಗಳಲ್ಲಿಯೂ ಮೈ ಒಪ್ಪಿದರೆ ವ್ಯಾಯಾಮಕ್ಕೆ ಅಡ್ಡಿಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು, ವೈದ್ಯಕೀಯ ತೊಂದರೆಗಳಿಲ್ಲದ ಗರ್ಭಿಣಿಯರಿಗೂ ಹಿತಮಿತವಾದ ಸ್ನಾಯುವರ್ಧಕ ವ್ಯಾಯಾಮವನ್ನು ಸೂಚಿಸಿದೆ. ಆಂಧ್ರಪ್ರದೇಶದ ಶ್ರೀಕಾಕುಳಂ ಜಿಲ್ಲೆಯ ಕರ್ಣಂ ಮಲ್ಲೇಶ್ವರಿಯವರು 1994 ಮತ್ತು 1995ರಲ್ಲಿ ವಿಶ್ವ ಚಾಂಪಿಯನ್ ಆದರು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಒಟ್ಟು 240 ಕಿಲೋಗ್ರಾಂ ಎತ್ತಿ ಕಂಚಿನ ಪದಕ ಪಡೆದು, ಒಲಿಂಪಿಕ್ ಪದಕ ಗೆದ್ದ ಭಾರತದ ಪ್ರಥಮ ಮಹಿಳೆಯೆನಿಸಿದರು. ಮರುವರ್ಷವೇ ಅವರು ತಾಯಿಯೂ ಆದರು.

ಮೂರನೆಯದು, ಮನೆಗೆಲಸವೇ ಹೆಣ್ಣಿಗೆ ಸಾಕಷ್ಟು ವ್ಯಾಯಾಮ ಎಂಬ ಮಾತು. ಹನ್ನೆರಡನೆಯ ಶತಮಾನದ ಶರಣೆಯರು ಕಾಯಕದಲ್ಲಿ ಪುರುಷರಿಗೆ ಸರಿಸಮಾನರಾಗಿ ನಿಂತರು. ಕಾಯಕವು ಪೂಜ್ಯವಾದುದು, ಆದರೆ ಕಾಯಕ ಮತ್ತು ವ್ಯಾಯಾಮ ಒಂದೇ ಅಲ್ಲ. ದುಡಿಮೆಯು ದೇಹವನ್ನು ಬಳಸುತ್ತದೆ, ಸಾಧನೆಯು ದೇಹವನ್ನು ಕಟ್ಟುತ್ತದೆ. ಪೀಣ್ಯದ ಸಿದ್ಧ ಉಡುಪು ಕಾರ್ಖಾನೆಯಲ್ಲಿ ದಿನವಿಡೀ ಹೊಲಿಗೆ ಯಂತ್ರದ ಮುಂದೆ ಬಾಗಿ ಕುಳಿತ ಹೆಣ್ಣುಮಗಳು ದಣಿಯುವುದು ನಿಜ. ಆದರೆ ಆ ದಣಿವಿನಿಂದ ಅವಳ ಬೆನ್ನಾಗಲಿ ತೊಡೆಯಾಗಲಿ ಬಲಗೊಳ್ಳುವುದಿಲ್ಲ. ಬೀಸುವ ಕಲ್ಲು, ಒನಕೆಗಳ ಸ್ಥಾನಕ್ಕೆ ಯಂತ್ರಗಳು ಬಂದ ಮೇಲಂತೂ ಮನೆಗೆಲಸದಲ್ಲಿ ಹಿಂದಿನ ಶ್ರಮವೂ ಉಳಿದಿಲ್ಲ.

ನಾಲ್ಕನೆಯದು, ವಯಸ್ಸಾದವರಿಗೆ ಇದು ಸಲ್ಲದು ಎಂಬ ಭಾವನೆ. ಎಲ್ಲಕ್ಕಿಂತ ಹೆಚ್ಚು ನಷ್ಟವನ್ನು ಉಂಟುಮಾಡುತ್ತಿರುವ ತಪ್ಪು ಇದೇ. ಮುಟ್ಟು ನಿಂತ ಮೇಲಿನ ಕೆಲವು ವರ್ಷಗಳಲ್ಲಿ ಸ್ತ್ರೀಯರ ಮೂಳೆಗಳು ವೇಗವಾಗಿ ಸವೆಯುತ್ತವೆ. ಬಚ್ಚಲಲ್ಲಿ ಜಾರಿದ ಅಜ್ಜಿಯ ಸೊಂಟದ ಮೂಳೆ ಮುರಿದು, ಅವರು ಮತ್ತೆ ನಡೆಯದೆ ಹಾಸಿಗೆ ಹಿಡಿಯುವುದು ಅನೇಕ ಕುಟುಂಬಗಳು ಕಂಡ ದುಃಖ. ಆಸ್ಟ್ರೇಲಿಯಾದಲ್ಲಿ ಮೂಳೆಯ ಸಾಂದ್ರತೆ ಕುಗ್ಗಿದ್ದ, ಮುಟ್ಟು ನಿಂತ ಸ್ತ್ರೀಯರು ವಾರಕ್ಕೆ ಎರಡು ಬಾರಿ, ಅರ್ಧ ಗಂಟೆಯಂತೆ, ಎಂಟು ತಿಂಗಳು ತಜ್ಞರ ಕಣ್ಗಾವಲಿನಲ್ಲಿ ಹೆಚ್ಚಿನ ಭಾರವನ್ನೇ ಎತ್ತಿದರು. ಅವರ ಬೆನ್ನುಮೂಳೆಯ ಸಾಂದ್ರತೆ ಸುಮಾರು ಶೇಕಡ 3ರಷ್ಟು ಹೆಚ್ಚಿತು. ಮನೆಯಲ್ಲಿ ಹಗುರವಾದ ವ್ಯಾಯಾಮ ಮಾಡಿದವರಲ್ಲಿ ಅದು ಇಳಿಯಿತು. ಅಮೆರಿಕದ ವೃದ್ಧಾಶ್ರಮವೊಂದರಲ್ಲಿ ಸರಾಸರಿ 90 ವರ್ಷದ ಸ್ತ್ರೀಪುರುಷರು ಎಂಟೇ ವಾರಗಳ ಸಾಧನೆಯಿಂದ ಕಾಲಿನ ಬಲವನ್ನು ಎರಡು ಪಟ್ಟಿಗಿಂತಲೂ ಹೆಚ್ಚಿಸಿಕೊಂಡ ವರದಿಯು 1990ರಲ್ಲಿ ಪ್ರಕಟವಾಯಿತು. ರಕ್ತದೊತ್ತಡ, ಹೃದ್ರೋಗ ಅಥವಾ ಮೂಳೆಸವೆತವಿರುವವರು ವೈದ್ಯರ ಸಲಹೆ ಪಡೆದು, ಬಲ್ಲವರ ಎದುರಿನಲ್ಲಿ ಆರಂಭಿಸಬೇಕೆಂಬುದನ್ನು ಮಾತ್ರ ಮರೆಯಬಾರದು.

ಮೂಳೆಯ ಬಂಡವಾಳವು ಕೂಡುವುದು ಮುಖ್ಯವಾಗಿ ಬಾಲ್ಯ ಮತ್ತು ಹರೆಯದಲ್ಲಿ. ಹುಡುಗಿಯರಲ್ಲಿ ಅದರ ಬಹುಭಾಗವು 18-20 ವರ್ಷಗಳೊಳಗೆ ಕೂಡಿಬಿಡುತ್ತದೆ; ಮುಂದಿನ ಬಾಳೆಲ್ಲ ಅದನ್ನು ಕಾಪಾಡಿಕೊಳ್ಳುವ ಕಾಲ. ಮೇಲೆ ಹೇಳಿದ ಮಾರ್ಗಸೂಚಿಯು 5ರಿಂದ 17 ವರ್ಷದ ಮಕ್ಕಳಿಗೆ ವಾರಕ್ಕೆ ಕನಿಷ್ಠ 3 ದಿನ, ವಯಸ್ಕರಿಗೆ ಕನಿಷ್ಠ 2 ದಿನ ಸ್ನಾಯುಗಳನ್ನು ಬಲಪಡಿಸುವ ಚಟುವಟಿಕೆಯನ್ನು ವಿಧಿಸಿದೆ. ಅದರಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಆದುದರಿಂದ ಆಟದ ಅವಧಿಯಲ್ಲಿ ಹುಡುಗರನ್ನು ಮೈದಾನಕ್ಕೆ ಕಳುಹಿಸಿ ಹುಡುಗಿಯರನ್ನು ಕೊಠಡಿಯಲ್ಲಿ ಕೂರಿಸುವ ಶಾಲೆಯು, ಅರುವತ್ತರ ವಯಸ್ಸಿನಲ್ಲಿ ಅವರು ಊರಿ ನಿಲ್ಲಬೇಕಾದ ಮೂಳೆಯನ್ನು ಹದಿಮೂರರಲ್ಲಿಯೇ ಕಸಿದುಕೊಂಡಂತಾಗುತ್ತದೆ.

ಇದಕ್ಕೆ ದೊಡ್ಡ ವೆಚ್ಚ ಬೇಕಿಲ್ಲ. ಬಸ್ಕಿ, ದಂಡ, ಹಗ್ಗದಾಟಗಳಿಗೆ ಖರ್ಚು ಅತ್ಯಲ್ಪ. ಕೆಲವು ಜೊತೆ ಡಂಬೆಲ್‌ಗಳು ಮತ್ತು ಸರಿಯಾದ ಭಂಗಿಯನ್ನು ಕಲಿಸಬಲ್ಲ ಒಬ್ಬ ಶಿಕ್ಷಕಿ ಇದ್ದರೆ ಆರಂಭಕ್ಕೆ ಸಾಕು. ಶಾಲೆಗೆ ಕೊಠಡಿ ಕಟ್ಟಿಸಿಕೊಟ್ಟ ದಾನಿಗಳೂ, ಓದಿ ಮುಂದೆ ಬಂದ ಹಳೆಯ ವಿದ್ಯಾರ್ಥಿಗಳೂ ಇದನ್ನು ವಿದ್ಯಾದಾನದ ಅಂಗವೆಂದೇ ಭಾವಿಸಬಹುದು. ಹೆಣ್ಣುಮಕ್ಕಳು ತಲೆಮಾರುಗಳಿಂದ ಇತರರಿಗಾಗಿ ಭಾರ ಹೊತ್ತಿದ್ದಾರೆ. ತಮ್ಮ ದೇಹದ ಹಿತಕ್ಕಾಗಿ ಅದನ್ನು ಕ್ರಮವರಿತು ಎತ್ತುವ ವಿದ್ಯೆಯು ಅವರಿಗೆ ಶಾಲೆಯಲ್ಲಿಯೇ ದೊರೆಯಲಿ.